ಕೆಂಪು ದಾರದಿಂದ ಹಿಂದಕ್ಕೆ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಇಲಿಮರಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಕೆನಿಸಿದರೆ ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ. ಕೈತುಂಬ ಅಂಟು ಮೆತ್ತಿಕೊಂಡು ಪೆನ್ನು ಹಿಡಿಯುವ ಹಾಗಿರಲಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ನನಗೆ ಮಾತ್ರ ತಲೆ ತಿರುಗಿದೆ ಎನ್ನುತ್ತಾಳೆ ನಿಮ್ಮಮ್ಮ. ಇರಬಹುದು, ಕಾರಣವಿದೆ.

ಮೂರು ದೇಶಗಳ ಮೂವರು ಕಲಾವಿದರು ಸೇರಿ ಒಂದು ಪುಸ್ತಕ ಮಾಡುತ್ತಿದ್ದಾರೆ, ಹೊಲಿಯುವ ಕೆಲಸ ನನಗೆ ಬಂದಿದೆ ಅಂದಿದ್ದೆನಲ್ಲ. ಅಂಗಡಿಯಲ್ಲಿ ಸಿಗುವಂಥ ಪುಸ್ತಕವಲ್ಲ ಅದು. ಪುಸ್ತಕವೇ ಒಂದು ಚಿತ್ರ ಅಂದುಕೋ. ಹನ್ನೆರಡೇ ಪ್ರತಿ. ಒಬ್ಬ ಮರದ ಅಚ್ಚಿನಿಂದ ಚಿತ್ರ ಒತ್ತಿದ್ದ, ಇನ್ನೊಬ್ಬ ತಾನೇ ಕಾಗದ ತಯಾರಿಸಿ ಕಳಿಸಿದ್ದ. ಮೂರನೆಯವಳು ಒಂದು ಮನೆ ಕಟ್ಟುವ ಕಥೆಯನ್ನು ತನ್ನ ಭಾಷೆಯಲ್ಲಿ ಬರೆದಿದ್ದಳು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅವರ ಹಾಳೆಗಳು ಮೊದಲ ಸಲ ಒಟ್ಟಿಗೆ ಸೇರಿದ್ದು ನನ್ನ ಮೇಜಿನ ಮೇಲೆ.

ನಾನೋ, ನಲವತ್ತು ವರ್ಷದ ಅನುಭವ ಅಂತ ಬೀಗಿಕೊಂಡು ಹನ್ನೆರಡನ್ನೂ ಹೊಲಿದು, ರಟ್ಟು ಹಾಕಿ, ಫೋಟೊ ಕಳಿಸಿದೆ. ಕಥೆ ಬರೆದವಳ ಫೋನ್ ಬಂತು. ಪ್ರದರ್ಶನ ನಡೆಸುವ ಮೇಡಂ ಅವಳ ಮಾತನ್ನು ನಮ್ಮ ಭಾಷೆಯಲ್ಲಿ ಹೇಳಿದರು:

"ಯಜಮಾನ್ರೇ, ನಮ್ಮ ಕಡೆ ಪುಸ್ತಕಾನ ಬಲಗಡೆಯಿಂದ ತೆರೀತೀವಿ. ನೀವು ಹೊಲಿದಿರೋ ಪ್ರಕಾರ ನನ್ನ ಮನೆಗೆ ಮೊದಲು ಬೀಗ ಹಾಕಿ, ಆಮೇಲೆ ಪಾಯ ತೋಡ್ತಾರೆ."

ಆ ಲಿಪಿ ನನಗೆಲ್ಲಿ ಗೊತ್ತು? ಆದರೂ ಕೇಳಬೇಕಿತ್ತು.

"ಹನ್ನೆರಡನ್ನೂ ಬಿಚ್ಚಿ ಮತ್ತೆ ಹೊಲೀತೀನಿ," ಅಂದೆ. ಕತ್ತರಿ ಕೈಯಲ್ಲೇ ಇತ್ತು.

"ಬಿಚ್ಚಬೇಡಿ. ನೀವು ಹೊಲಿದಿದ್ದೂ ಸರಿ, ನಾನು ಬರೆದಿದ್ದೂ ಸರಿ. ಓದೋರು ಸ್ವಲ್ಪ ಕಷ್ಟಪಡ್ಲಿ ಬಿಡಿ."

ಉಳಿದಿಬ್ಬರೂ ಒಪ್ಪಿದರು. ಅವಳ ಕಥೆ ಶುರುವಾಗುವ ಪುಟಕ್ಕೆ ಒಂದು ಕೆಂಪು ದಾರ ಕಟ್ಟಿದೆ. ಅಲ್ಲಿಂದ ಹಿಂದಕ್ಕೆ ಓದುತ್ತಾ ಬರಬೇಕು. ಮೊನ್ನೆ ಪ್ರದರ್ಶನದಲ್ಲಿ ಜನ ಬೇರೆ ಪುಟಗಳನ್ನು ಸರಸರ ತಿರುವಿ, ಆ ದಾರದ ಹತ್ತಿರ ನಿಂತೇಬಿಡುತ್ತಿದ್ದರು.

ಕೊನೆಯ ಪುಟದಲ್ಲಿ 'ಈ ಪುಸ್ತಕದ ಕಲಾವಿದರು' ಅಂತ ನಾಲ್ಕು ಹೆಸರುಗಳಿವೆ. ನಾಲ್ಕನೆಯದು ನನ್ನದು, ಅಷ್ಟೇ ದಪ್ಪ ಅಕ್ಷರದಲ್ಲಿ. ನಿಮ್ಮಮ್ಮ ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದಳು. "ಸದ್ಯ, ಹೆಸರನ್ನಾದ್ರೂ ತಲೆಕೆಳಗೆ ಹಾಕಿಲ್ಲ," ಅಂದಳು. ನನಗಂತೂ ಹೆಮ್ಮೆ. ಸುಳ್ಳು ವಿನಯ ಯಾಕೆ, ತುಂಬಾ ಹೆಮ್ಮೆ.

ನಿನ್ನ ಔಷಧಿ ಅಂಗಡಿಯಲ್ಲಿ ರಜೆ ಸಿಕ್ಕರೆ ಬಂದು ನೋಡು. ನಿನ್ನ ಎರಡೂ ಕೈಗಳಿಗೆ ಒಳ್ಳೆಯದಾಗಲಿ.

ನಿನ್ನ
ಅಪ್ಪ

ಮರೆತಿದ್ದೆ ಅಂತ ಬರೆಯಹೊರಟೆ, ಮರೆತಿಲ್ಲ. ಒಂಬತ್ತು ವರ್ಷದವಳಿದ್ದಾಗ ನೀನು ಎಡಗೈಯಲ್ಲಿ ಒಂದು ಪುಸ್ತಕ ಹೊಲಿದು ತಂದಿದ್ದೆ, ಬಲಗಡೆಯಿಂದ ತೆರೆಯುವಂಥದ್ದು. "ಇದೇನು ಉಲ್ಟಾ ಹೊಲಿದಿದ್ದೀಯ" ಅಂತ ನಾನು ಗಿರಾಕಿಗಳ ಎದುರೇ ಅದರ ದಾರ ಕತ್ತರಿಸಿಬಿಟ್ಟೆ. ಬಿಚ್ಚಬೇಡಿ ಅನ್ನುವವರು ಅವತ್ತು ಯಾರೂ ಇರಲಿಲ್ಲ. ಆಮೇಲೆ ನೀನು ಸೂಜಿ ಮುಟ್ಟಲಿಲ್ಲ. ಈಗಲೂ ಬಂದರೆ ನನ್ನ ಅಂಗಡಿ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತೀ. ಆ ಪುಸ್ತಕದ ಎಂಟು ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿವೆ. ನೀನು ಚುಚ್ಚಿದ ತೂತುಗಳು ಹಾಗೇ ಇವೆ. ಎಷ್ಟೋ ಸಲ ಸೂಜಿಗೆ ದಾರ ಪೋಣಿಸಿದೆ, ಹೊಲಿಯಲು ಕೈ ಬರಲಿಲ್ಲ. ಅದು ನಿನ್ನ ಪುಸ್ತಕ. ಕೆಂಪು ದಾರ ಒಂದು ಮೊಳ ಉಳಿದಿತ್ತು, ಈ ಲಕೋಟೆಯಲ್ಲಿ ಇಟ್ಟಿದ್ದೇನೆ.