ಏಳನೆಯ ಬಿಲ್ಲೆ

ಬೆಳಗಾವಿ
೨೨೦೪ನೆಯ ಇಸವಿ, ಧೂಳುಗಾಲದ ನಲವತ್ತೊಂದನೆಯ ದಿನ

ಎರಡು ಶತಮಾನಗಳ ಹಿಂದೆ ಕಾರ್ಖಾನೆಗಳಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಿರುವವರಿಗೆ,

ಇವತ್ತು ಬೆಳಿಗ್ಗೆ, ಇಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಿದ್ದ ಮಹಾನಂದಕ್ಕನ ಮೊಳೆಗೆ ಯಾರೋ ಊಟದ ಚೀಲ ತೂಗುಹಾಕಿದ್ದರು. ಇಪ್ಪತ್ತಾರು ವರ್ಷ ಆ ಮೊಳೆಯಲ್ಲಿ ಅವರ ನೀಲಿ ಮೇಲಂಗಿ ಬಿಟ್ಟು ಬೇರೇನೂ ತೂಗಿರಲಿಲ್ಲ. ಚೀಲದಿಂದ ಸಾರು ಸೋರಿ ಗೋಡೆಯ ಮೇಲೆ ಒಂದು ಹಳದಿ ಗೆರೆ ಇಳಿದಿತ್ತು. ಅದನ್ನು ಒರೆಸಿ ಬಂದು ಬರೆಯಲು ಕೂತಿದ್ದೇನೆ.

ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಓದಿ ಕಲಿತವಳು, ಆಡಿ ಕಲಿತವಳಲ್ಲ. ನನ್ನ ಹೆಸರು ನೀಲಾಂಬಿಕಾ. ಸಾಹಿತ್ಯದ ಪದವಿ ಮುಗಿಸಿ ಈ ಕಾರ್ಖಾನೆಗೆ ಪಾಠಲೇಖಕಿಯಾಗಿ ಸೇರಿದೆ. ಹಾಗೆಂದರೆ ತರಬೇತಿಯಲ್ಲಿ ನಡೆದದ್ದನ್ನೆಲ್ಲ ಕೈಯಲ್ಲಿ ಬರೆದಿಡುವವಳು. ಯಂತ್ರ ಬರೆದಿಟ್ಟ ದಾಖಲೆಯನ್ನು ಯಾರು ಬೇಕಾದರೂ ತಿದ್ದಬಹುದು ಎಂದು ನಮ್ಮವರು ಕೈಬರಹವನ್ನಷ್ಟೇ ನಂಬುತ್ತಾರೆ.

ವರ್ಷದಲ್ಲಿ ನಾಲ್ಕು ತಿಂಗಳು ಇಲ್ಲಿ ಧೂಳುಗಾಲ. ಆಗ ಕಿಟಕಿಗಳಿಗೆ ಒದ್ದೆ ಗೋಣಿಯ ಪರದೆ ಬೀಳುತ್ತದೆ, ಹಿಟ್ಟಿನ ಡಬ್ಬಿಗೆ ಮೇಣದ ಮುಚ್ಚಳ ಬೀಳುತ್ತದೆ, ಮಕ್ಕಳ ಆಟ ನೆಲಮಾಳಿಗೆಗೆ ಇಳಿಯುತ್ತದೆ. ಹೊರಗೆ ಹೋಗುವವರು ಮೂಗು ಬಾಯಿಗೆ ಉಸಿರುಚೀಲ ಕಟ್ಟಿಕೊಳ್ಳುತ್ತಾರೆ. ನಾವು ಮಾಡುವುದು ಆ ಚೀಲದ ಬಿಲ್ಲೆ. ಹೆಬ್ಬೆರಳಿನ ಉಗುರಿನಷ್ಟು ಅಗಲದ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ರಬ್ಬರಿನ ತುಂಡು. ಉಸಿರು ಬಿಟ್ಟಾಗ ತೆರೆಯಬೇಕು, ಎಳೆದುಕೊಂಡಾಗ ಬಿಗಿಯಾಗಿ ಮುಚ್ಚಬೇಕು. ಅದಕ್ಕೆ ಬೇರೆ ಕೆಲಸವೇ ಇಲ್ಲ.

ನಮ್ಮ ದಾಖಲೆ ಕೋಣೆಯಲ್ಲಿ ನಿಮ್ಮ ಕಾಲದ ಒಂದು ತರಬೇತಿ ಹಾಜರಿ ಪುಸ್ತಕ ಇದೆ. ಗುಣಮಟ್ಟದ ನಿಯಮಗಳನ್ನು ಓದಿ ಅರ್ಥಮಾಡಿಕೊಂಡಿದ್ದೇನೆ ಎಂದು ನಲವತ್ತು ಜನ ಸಹಿ ಹಾಕಿದ್ದಾರೆ. ಎಲ್ಲ ಸಹಿಗೂ ಒಂದೇ ಪೆನ್ನು, ಕೆಲವಕ್ಕೆ ಒಂದೇ ಕೈ. ಅದನ್ನು ಮೊದಲು ನೋಡಿದಾಗ ನಕ್ಕಿದ್ದೆ.

ಮಹಾನಂದಕ್ಕ ಸಹಿ ಕೇಳುತ್ತಿರಲಿಲ್ಲ. ಹೊಸಬರು ಬಂದ ದಿನ ಬಿಲ್ಲೆಯನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಬಿಲ್ಲೆ ತಯಾರಿಸುತ್ತ ಓಡುವ ಯಂತ್ರಗಳ ಲೈನಿನ ಮುಂದೆ ನಿಲ್ಲಿಸಿ, ಎಲ್ಲರೆದುರು ಮೂರು ಸಲ "ನಿಲ್ಲಸ್ರಿ" ಎಂದು ಕೂಗಿಸುತ್ತಿದ್ದರು. ಕೂಗು ಕೇಳಿದ ಕೂಡಲೇ ಲೈನು ನಿಜಕ್ಕೂ ನಿಲ್ಲುತ್ತಿತ್ತು. ಯಾಕೆ ನಿಲ್ಲಿಸಿದೆ ಎಂದು ಯಾರೂ ಗದರಿಸುವಂತಿರಲಿಲ್ಲ. ನನ್ನ ಜೊತೆ ಸೇರಿದ ಶಿವಲೀಲಾಳ ದನಿ ಮೊದಲ ಸಲ ಗಂಟಲಲ್ಲೇ ಉಳಿದಾಗ ಅಕ್ಕ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಇದನ್ನ ಕೇಳಿ ಮಷೀನ್ ನಿಲ್ಲೂದಿಲ್ಲ ಬೇ, ಮಲ್ಕೊಂತದ." ಮೂರನೆಯ ಸಲಕ್ಕೆ ಶಿವಲೀಲಾ ಗೋದಾಮಿನವರೂ ಓಡಿಬರುವಂತೆ ಕೂಗಿದಳು.

ಆಮೇಲೆ ನನ್ನ ಸರದಿ. ನಾನು ಪುಸ್ತಕವನ್ನು ಎದೆಗವಚಿಕೊಂಡು ಹಿಂದೆ ಸರಿದದ್ದನ್ನು ಅಕ್ಕ ಕಂಡರು. "ಅಕಿನ್ನ ಬಿಡ್ರಿ," ಎಂದರು. "ಬರಿಯೋ ಹುಡುಗಿ ಅದು, ಒದರಸಬ್ಯಾಡ್ರಿ." ಅವರ ಇಪ್ಪತ್ತಾರು ವರ್ಷಗಳಲ್ಲಿ ಕೂಗದೆ ಒಳಗೆ ಬಂದವಳು ನಾನೊಬ್ಬಳೇ. ಆ ದಿನ ಅವರ ಕಾಲಿಗೆ ಬೀಳಬೇಕು ಅನಿಸಿತ್ತು.

ಎರಡನೆಯ ಪಾಠ ಕಳ್ಳಬಿಲ್ಲೆಯದು. ಅಕ್ಕ ತಾವೇ ಏಳು ಬಿಲ್ಲೆಗಳ ಅಂಚನ್ನು ಕೂದಲೆಳೆಯಷ್ಟು ಸೀಳಿ, ನೀಲಿದೀಪದಲ್ಲಿ ಮಾತ್ರ ಕಾಣುವಂತೆ ಅರ್ಧಚಂದ್ರದ ಗುರುತು ಹಾಕಿ, ಒಳ್ಳೆಯ ಬಿಲ್ಲೆಗಳ ತಟ್ಟೆಯಲ್ಲಿ ಬೆರೆಸುತ್ತಿದ್ದರು. ಕಲಿಯುವವರು ಕಣ್ಣುಮುಚ್ಚಿ ಪ್ರತಿಯೊಂದರ ಅಂಚನ್ನೂ ಕೆಳತುಟಿಯ ಮೇಲೆ ಎಳೆದು ಸೀಳಿದ್ದನ್ನು ಹಿಡಿಯಬೇಕು. ಕಣ್ಣಿಗೆ ಸಿಗದ ಸೀಳು ತುಟಿಗೆ ಸಿಗುತ್ತದೆ. ಹಿಡಿದವು ಒಂದು ತಗಡಿನ ಡಬ್ಬಿಗೆ ಬೀಳುತ್ತಿದ್ದವು. ಏಳೂ ಡಬ್ಬಿಗೆ ಮರಳಿದವು ಎಂದು ನಾನು ಎಣಿಸಿ ಹೇಳಿದ ಮೇಲೆಯೇ ಉಳಿದ ಬಿಲ್ಲೆಗಳನ್ನು ಬಿಸಿನೀರಲ್ಲಿ ತೊಳೆದು ಮುಂದಕ್ಕೆ ಕಳಿಸಬೇಕು.

ಕಳೆದ ಧೂಳುಗಾಲಕ್ಕೆ ಹತ್ತು ದಿನ ಮೊದಲು ಅಂಥದೇ ಒಂದು ಪಾಠ ನಡೆದಿತ್ತು. ಶಿವಲೀಲಾ ಒಬ್ಬಳೇ ನಾಲ್ಕು ಹಿಡಿದಿದ್ದಳು. ಎಲ್ಲರೂ ಅವಳ ತುಟಿಗೆ ದೃಷ್ಟಿ ತೆಗೆಯಬೇಕು ಎಂದು ಗೇಲಿ ಮಾಡುತ್ತ ನಗುತ್ತಿದ್ದರು. ನಾನು ಡಬ್ಬಿಯಲ್ಲಿ ಎಣಿಸಿದೆ. ಆರು ಇದ್ದವು. ನಗುವಿನ ನಡುವೆ ನಾನೇ ತಪ್ಪಿರಬೇಕು ಎಂದುಕೊಂಡು ಮತ್ತೆ ಎಣಿಸಲು ಬೆರಳು ಇಟ್ಟಾಗ ಅಕ್ಕ ತಿರುಗಿ ಕೇಳಿದರು: "ಎಲ್ಲಾ ಬಂದ್ವೇನ್ವಾ ನೀಲಾ?"

ನಗು ನಿಂತಿತು. ನಲವತ್ತು ಮುಖಗಳು ನನ್ನತ್ತ ತಿರುಗಿದವು. ನಾನು ತಲೆಯಾಡಿಸಿದೆ. ಪುಸ್ತಕದಲ್ಲಿ ಏಳು ಎಂದು ಬರೆದೆ. ಅಕ್ಷರ ದುಂಡಗೆ, ಚೆಂದವಾಗಿಯೇ ಬಿದ್ದಿತ್ತು.

ಆ ಏಳನೆಯ ಬಿಲ್ಲೆ ಕಿತ್ತೂರಿನ ಗುರಸಿದ್ದಪ್ಪ ಎಂಬವರ ಉಸಿರುಚೀಲ ಸೇರಿತು. ನೀರಿನ ಕೊಳವೆ ದುರಸ್ತಿ ಮಾಡುವವರು, ನಲವತ್ತನಾಲ್ಕು ವರ್ಷ. ಬಿರುಗಾಳಿಯಲ್ಲಿ ಎರಡು ತಾಸು ಒಂದು ಕೊಳವೆ ಸರಿಮಾಡಿ, ಊರಿಗೆ ನೀರು ಬಿಟ್ಟು ಮನೆಗೆ ಬಂದರು. ಸೀಳಿನಿಂದ ಒಳಹೊಕ್ಕ ಧೂಳು ಎದೆಯಲ್ಲಿ ಕೂತು, ಒಂಬತ್ತನೆಯ ದಿನ ತೀರಿಕೊಂಡರು. ಚೀಲ ಕಾರ್ಖಾನೆಗೆ ವಾಪಸು ಬಂದಾಗ ನೀಲಿದೀಪದಡಿಯಲ್ಲಿ ಅರ್ಧಚಂದ್ರ ಕಂಡಿತು.

ವಿಚಾರಣೆ ಬಹಳ ಹೊತ್ತು ನಡೆಯಲಿಲ್ಲ. ಏಳು ಮರಳಿವೆ ಎಂದು ಪುಸ್ತಕ ಹೇಳುತ್ತಿತ್ತು. ಹಾಗಾದರೆ ಮಹಾನಂದಕ್ಕ ಎಂಟು ಬೆರೆಸಿರಬೇಕು ಎಂದರು. ಅಕ್ಕ ವಾದಿಸಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಪುಸ್ತಕದಾಗ ಏಳಂತ ಐತಂದ್ರ ಏಳ ಬಂದಿರ್ತಾವ್ರಿ," ಎಂದರು. "ನೀಲಾ ತಪ್ಪು ಬರಿಯೂದಿಲ್ಲ. ನಾನ ಎಂಟು ಹಾಕಿರಬೇಕು."

ನಾನು ಅವರ ಪಕ್ಕದಲ್ಲೇ ಕೂತು ಆ ಮಾತನ್ನೂ ಬರೆದುಕೊಂಡೆ.

ಈಗ ಅವರು ಮನೆಯಲ್ಲಿದ್ದಾರೆ. ಹೋದ ವಾರ ನೋಡಲು ಹೋಗಿದ್ದೆ. ಚಹಾ ಕೊಟ್ಟರು. ಮುಂದೆ ತೊಗರಿಬೇಳೆ ಹರವಿಕೊಂಡು, ಒಂದೊಂದನ್ನೇ ಎಣಿಸಿ ಏಳೇಳರ ಗುಂಪು ಮಾಡುತ್ತಿದ್ದರು. ಒಂದು ಗುಂಪು ಮುಗಿದ ಮೇಲೆ ಬೆರಳಿಟ್ಟು ಮತ್ತೆ ಎಣಿಸುತ್ತಿದ್ದರು. ತಮಗೆ ಎಣಿಕೆ ಯಾವಾಗಿನಿಂದ ತಪ್ಪತೊಡಗಿತೋ ಎಂದು ನನ್ನನ್ನೇ ಕೇಳಿದರು. ಚಹಾ ತಣ್ಣಗಾಗಿತ್ತು, ಕುಡಿದು ಎದ್ದೆ.

ಇವತ್ತು ಹತ್ತು ಗಂಟೆಗೆ ಹೊಸಬರು ಬರುತ್ತಾರೆ. ಅವರೆದುರು ಗುರುಪಟ್ಟಿಯಿಂದ, ಅಂದರೆ ಇಲ್ಲಿ ಕಲಿಸಿದವರ ಹೆಸರು ಕೆತ್ತಿದ ಹಲಗೆಯಿಂದ, ಅಕ್ಕನ ಹೆಸರನ್ನು ಉಜ್ಜಿ ತೆಗೆಯುತ್ತಾರೆ. ಕಳ್ಳಬಿಲ್ಲೆಯ ಪಾಠವೂ ಕೂಗಿನ ಪಾಠವೂ ಇನ್ನಿಲ್ಲ. ಅವುಗಳ ಬದಲಿಗೆ ಓದಿ ಸಹಿ ಹಾಕುವ ಒಂದು ಕೈಪಿಡಿ. ಅದನ್ನು ಬರೆದವಳು ನಾನೇ. ಭಾಷೆ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದ್ದಾರೆ.

ನಿಮ್ಮನ್ನು ಒಂದೇ ಒಂದು ಕೇಳಿಕೊಳ್ಳುತ್ತೇನೆ. ನಿಮ್ಮಲ್ಲಿಗೂ ನನ್ನಂಥವಳು ಬರುತ್ತಾಳೆ. ಎಲ್ಲವನ್ನೂ ನೋಡುತ್ತಾಳೆ, ಅಂದವಾಗಿ ಬರೆಯುತ್ತಾಳೆ, ಎದ್ದು ನಿಂತರೆ ನಡುಗುತ್ತಾಳೆ. ಮರುಕದಿಂದ ಅವಳನ್ನು ಬಿಟ್ಟುಬಿಡಬೇಡಿ. ಅಳಲಿ, ಆದರೂ ಕೂಗಿಸಿ.

ನನ್ನ ತಪ್ಪನ್ನು ಮೊದಲು ನಿಮಗೆ ಹೇಳಿದ್ದು ಯಾಕೆಂದು ನಿಮಗೆ ತಿಳಿದಿರುತ್ತದೆ. ನೀವು ತಿರುಗಿ ನನ್ನ ಮುಖ ನೋಡಲಾರಿರಿ. ಇದನ್ನೇ ಬರೆದು ವ್ಯವಸ್ಥಾಪಕರ ಮೇಜಿನ ಮೇಲಿಟ್ಟು ಬರೋಣವೆಂದು ಮೂರು ದಿನದಿಂದ ಯೋಚಿಸುತ್ತಿದ್ದೆ. ಬರೆಯುವುದು ನನಗೆ ಸುಲಭ.

ಒಂಬತ್ತೂ ಮುಕ್ಕಾಲು ಆಯಿತು. ಲೈನು ಶುರುವಾದ ಸದ್ದು ಕೇಳಿಸುತ್ತಿದೆ. ಪೆನ್ನನ್ನು ಇಲ್ಲೇ ಬಿಟ್ಟು, ಬರಿಗೈಯಲ್ಲಿ ಹೋಗಿ ಅದರ ಮುಂದೆ ನಿಲ್ಲುತ್ತೇನೆ. ಮೂರು ಸಲ ಕೂಗುತ್ತೇನೆ. ಅದು ನಿಂತ ಮೇಲೆ, ಆರೇ ಇದ್ದವು ಎಂದು ಹೇಳುತ್ತೇನೆ.