ಆದಿ ಯಾರು?

ರಾಜಗೋಪಾಲನಗರ,
ಮಂಗಳವಾರ, ೧೭ ಜೂನ್ ೨೦೨೫

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಸೊಪ್ಪಿನ ಗಂಟು ಹೊತ್ತುಕೊಂಡು ಆನೇಕಲ್ ಸಂತೆಗೆ ಹೋಗುವುದನ್ನು ಬಿಟ್ಟೆಯೋ ಇಲ್ಲವೋ? ಬಿಟ್ಟಿರುವುದಿಲ್ಲ, ನನಗೆ ಗೊತ್ತು. ನಿನ್ನ ಹಟ ನಿನಗೆ. ಫೋನ್ ಮಾಡಲಿಲ್ಲ ಎಂದು ಬೈದುಕೊಳ್ಳಬೇಡ, ನನ್ನ ಫೋನು ಈಗ ಅತ್ತೆಯ ಬೀರುವಿನಲ್ಲಿದೆ.

ಎಲ್ಲ ಆ ಹಾಡಿನಿಂದ. ಅಪ್ಪ ಬರುವುದು ತಡವಾದರೆ ನೀನು ಸೊಪ್ಪು ಸೋಸುತ್ತಾ ಕಟ್ಟಿ ಹಾಡುತ್ತಿದ್ದೆಯಲ್ಲ, "ಆದಿ ನೋಡ್ತಾ ನಿಂತೀನಿ, ಬ್ಯಾಗ ಬಾ" ಅಂತ. ನಿನ್ನ ಬಾಯಲ್ಲಿ ಹಾದಿ ಯಾವತ್ತೂ ಆದಿಯೇ. ನನ್ನ ಮದುವೆಗೆ ಮುಂಚೆ ತಮ್ಮ ಶಶಿ ಕೀಬೋರ್ಡ್ ನುಡಿಸಿ, ಅದನ್ನು ನನ್ನಿಂದ ಹಾಡಿಸಿ ರೆಕಾರ್ಡ್ ಮಾಡಿದಾಗ, 'ಹಾ' ಸೇರಿಸಕ್ಕ ಎಂದು ಗೋಗರೆದ. ಅಮ್ಮ ಹಾಡಿದ ಹಾಗೇ ಇರಲಿ ಎಂದೆ. ಈಗಲೂ ಅದೇ ಸರಿ ಅನ್ನುತ್ತೇನೆ. ಯೂಟ್ಯೂಬಿಗೆ ಹಾಕಿ ಮರೆತೇಬಿಟ್ಟಿದ್ದೆವು. ಅದನ್ನು ಹುಬ್ಬಳ್ಳಿಯ ಆರ್ಕೆಸ್ಟ್ರಾದವಳೊಬ್ಬಳು ಕೇಳಿ, ಆದಿ ಎಂದರೆ ಯಾರೋ ಹುಡುಗ ಎಂದುಕೊಂಡು, "ಆದೀ..." ಎಂದು ಎಳೆದೆಳೆದು ಕರೆದಳು. ಅವಳದನ್ನು ಕೇಳಿ ಹೈದರಾಬಾದಿನ ಹುಡುಗರು ಉಳಿದದ್ದೆಲ್ಲ ತೆಲುಗು ಮಾಡಿ, ಡೋಲು ಬಡಿದು, ಆದಿಯನ್ನು ಮಾತ್ರ ಹಾಗೇ ಇಟ್ಟುಕೊಂಡರು. ಈಗ ವೈಟ್‌ಫೀಲ್ಡಿನ ಹುಡುಗಿಯೊಬ್ಬಳು ಗಿಟಾರ್ ಹಿಡಿದು ಬಿಕ್ಕಿಬಿಕ್ಕಿ ಹಾಡಿದ್ದಾಳೆ. ಅದೇ ಎಲ್ಲರ ಫೋನಿನಲ್ಲಿ.

ಪೀಣ್ಯದಲ್ಲಿ ನಿನ್ನ ಅಳಿಯನ ಜೊತೆ ಕೆಲಸ ಮಾಡುವವರು, ಮೊದಲು ಹಾಡಿದವಳು ನಾನು ಎಂದು ಹುಡುಕಿ ತೆಗೆದು, "ಏನ್ ಗುರು, ಆದಿ ಚೆನ್ನಾಗವ್ನಾ?" ಎಂದು ದಿನಾ ರೇಗಿಸುತ್ತಾರಂತೆ. ಅಂದಿನಿಂದ ಗೇಟಿಗೆ ಬೀಗ, ಬೀಗದ ಕೈ ಅತ್ತೆಯ ಸೊಂಟದಲ್ಲಿ. ಆದಿ ಯಾರು ಎಂದು ಹೇಳಿದ ದಿನ ತೆಗೆಯುತ್ತಾರಂತೆ. ಹಾದಿ ಕಣ್ರೀ, ರಸ್ತೆ, ನಮ್ಮಮ್ಮ ಕಟ್ಟಿದ್ದು ಎಂದು ಹೇಳಿ ಹೇಳಿ ಬಾಯಿ ಒಣಗಿತು. "ಹಾಡಿದವರೆಲ್ಲ ಹೆಸರು ಹಿಡಿದೇ ಕೂಗವ್ರೆ. ಅವರೆಲ್ಲ ದಡ್ಡರು, ನೀನೊಬ್ಳೇ ಬುದ್ಧಿವಂತೆನಾ?" ಎನ್ನುತ್ತಾರೆ ಇವರು. ಹಾಡು ಹೈದರಾಬಾದಿಗೂ ಹೋಗಿ ಬಂತು, ನಾನು ಬೀದಿ ಕೊನೆಯ ಅಂಗಡಿಗೆ ಹೋಗಿ ತಿಂಗಳಾಯಿತು. ಎದುರು ಮನೆಯವರೂ ಅದನ್ನೇ ಹಾಕುತ್ತಾರೆ. ಕಿಟಕಿ ಮುಚ್ಚಿದರೆ ಸೆಖೆ, ತೆಗೆದರೆ ಆದಿ.

ಮಂಡಿಗೆ ಎಣ್ಣೆ ಹಚ್ಚಿಕೋ. ಶಶಿಯ ಮೇಲೆ ರೇಗಬೇಡ, ಅವನದೇನೂ ತಪ್ಪಿಲ್ಲ. ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಮಗಳು,
ಯಮುನಾ

ತಾ.ಕ.: ಮೇಲಿನದೆಲ್ಲ ಬೆಳಿಗ್ಗೆ ಬರೆದದ್ದು. ಮಧ್ಯಾಹ್ನ ಇವರು ಊಟಕ್ಕೆ ಬಂದಾಗ, ಸಾಕಾಗಿ, ಹೌದು, ಆದಿ ಅಂತ ಒಬ್ಬನಿದ್ದ, ಕಾಮಾಲೆ ಬಂದು ಸತ್ತುಹೋದ ಎಂದುಬಿಟ್ಟೆ. ನಿಜ ಹೇಳಿದಾಗ ನಂಬದವರು ಇದನ್ನು ತಕ್ಷಣ ನಂಬಿದರು. ಕಣ್ಣೊರೆಸಿಕೊಂಡು, "ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲ" ಎಂದು, ಅತ್ತೆಯಿಂದ ಬೀಗದ ಕೈ ಈಸಿಕೊಂಡು ನನಗೇ ಕೊಟ್ಟರು. ಈ ಕಾಗದವನ್ನು ನಾನೇ ಹೋಗಿ ಡಬ್ಬಿಗೆ ಹಾಕುತ್ತಿದ್ದೇನೆ. ಭಾನುವಾರ ಅಲ್ಲಿಗೆ ಬರುತ್ತಾರೆ, ನಿನ್ನನ್ನು ಕೇಳುತ್ತಾರೆ. ಹೌದು, ಒಳ್ಳೆ ಹುಡುಗ, ಪಾಪ ಹೋಗ್ಬಿಟ್ಟ ಅನ್ನು. ಅಪ್ಪನಿಗೂ ಶಶಿಗೂ ಹಾಗೇ ಹೇಳಿಕೊಟ್ಟಿರು. ಹಾಡು ನಿನ್ನದು ಎಂದು ಮಾತ್ರ ಇನ್ನು ಯಾರಿಗೂ ಹೇಳಬೇಡ ಅಮ್ಮಾ.