ತಿರ್ಜಾ ಹಾಡಿದ ಸಂಜೆ

ನವೆಂಬರ್ 1, 1999, ಸೋಮವಾರ. ಬೆಳಿಗ್ಗೆ 8

ಪ್ರಾರ್ಥನೆ ಮುಗಿಸಿ ಬಂದೆ. ಕಾಫಿ ಆರಿತ್ತು. ಹಾಗೇ ಕುಡಿದೆ.

ನಿನ್ನೆ ಎದುರಿನ ಹಾಲ್‌ನಲ್ಲಿ ಮದುವೆ. ಸಂಜೆ ಐದರಿಂದ ಕೀಬೋರ್ಡು. ಒಬ್ಬನೇ ಮನುಷ್ಯ ಗುಂಡಿ ಒತ್ತಿ ಡ್ರಮ್ಮು, ಕಹಳೆ, ಪಿಟೀಲು ಎಲ್ಲ ಹೊರಡಿಸುತ್ತಾನೆ. ಕೀರ್ತನೆಯ ಸಾಲಿಗೆ ಡಿಸ್ಕೋ ತಾಳ! ಪತ್ರಿಕೆಗೆ ಕಾಗದ ಬರೆದೆ — ಈ ವರ್ಷದ ಹನ್ನೊಂದನೆಯದು. ದೇವರನ್ನು ಒಪ್ಪಿಕೊಂಡಿದ್ದೇನೆ. ಅವನ ಭಕ್ತರ ಸ್ಪೀಕರನ್ನು ಒಪ್ಪಿಕೊಂಡಿಲ್ಲ.

ಮೂವತ್ತೊಂದು ವರ್ಷ ಸರ್ಕಾರಿ ದಾಖಲೆಗಳ ನಡುವೆ ಕೂತವನಿಗೆ ಮರೆವು ಸುಲಭವಲ್ಲ. 1957ರ ಚಳಿಗಾಲ, ಇದೇ ಜೆರುಸಲೇಮ್. ಸಂಗೀತ ಕಛೇರಿ ನಡೆಯುವ ಹಾಲ್‌ನಲ್ಲಿ ಹೀಟರ್ ಇರಲಿಲ್ಲ. ಜನ ಕೋಟು ಹಾಕಿಕೊಂಡೇ ಕೇಳುತ್ತಿದ್ದರು. ಕೆಮ್ಮು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಹಾಗೆ ಕೆಮ್ಮುತ್ತ ಹೊರಗೆ ನಿಂತಿದ್ದಾಗಲೇ ಹೆಡ್ವಾಳನ್ನು ಮೊದಲು ನೋಡಿದ್ದು. ಅವಳಿಗೂ ಕೆಮ್ಮು.

ಮುಂದೆ ನನ್ನ ಹೆಂಡತಿಯಾದ ಅವಳು ತೀರಿಹೋಗಿ ಎರಡು ವರ್ಷ. ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಗೆ ಗಂಡುಮಕ್ಕಳಿಲ್ಲ. ನಾನೇ ನಿಯಮದ ಹನ್ನೊಂದು ತಿಂಗಳು ಸಭಾಮಂದಿರಕ್ಕೆ ಹೋದೆ, ಅದುವರೆಗೆ ಹೊಸ್ತಿಲು ತುಳಿಯದವನು. ಹನ್ನೆರಡನೇ ತಿಂಗಳು ನಿಲ್ಲಿಸಲು ಆಗಲಿಲ್ಲ. ಅಷ್ಟೇ ನನ್ನ ಕಥೆ. ಬೆಳಕು ಕಂಡಿತು, ದನಿ ಕೇಳಿಸಿತು — ಅಂಥದ್ದೇನೂ ಇಲ್ಲ.

ನವೆಂಬರ್ 4, ಗುರುವಾರ

ಮಗಳು ತಿರ್ಜಾ ತಾನಿರುವ ಕಲೋನ್‌ನಿಂದ ಫೋನ್ ಮಾಡಿದ್ದಳು.

"ಅಪ್ಪ, ಡಿಸೆಂಬರ್ ಒಂಬತ್ತು ಖಾಲಿ ಇಟ್ಕೋ. ಜೆರುಸಲೇಮಲ್ಲೇ ಹಾಡ್ತಿದೀನಿ. ನಾನೊಬ್ಳೇ, ಜೊತೆಗೆ ಪಿಯಾನೊ. ಅಮ್ಮನ ನೆನಪಿಗೆ."

"ಎಷ್ಟು ಹೊತ್ತಿಗೆ?"

"ಏಳೂವರೆ. ನಿಂಗೆ ಮೂರನೇ ಸಾಲು. ಮುಂದೆ ಕೂರಿಸಿದ್ರೆ ನಿನ್ನ ಮುಖ ನೋಡಿ ನಂಗೆ ಶ್ರುತಿ ತಪ್ಪತ್ತೆ."

"ತಪ್ಪಿದ್ರೆ ಪತ್ರಿಕೆಗೆ ಬರೀತೀನಿ."

ನಕ್ಕಳು. ಹೆಡ್ವಾಳ ನಗು.

ನವೆಂಬರ್ 10, ಬುಧವಾರ

ಧರ್ಮನಿಯಮಗಳ ಪುಸ್ತಕ ಓದುತ್ತಿದ್ದೇನೆ. ದಿನಕ್ಕೆ ಎರಡು ಪುಟ. ಇವತ್ತು ಹೆಂಗಸಿನ ಹಾಡಿನ ಪುಟ ಬಂತು. ಗಂಡಸು ಕೇಳಬಾರದು. ಸ್ಪಷ್ಟವಾಗಿದೆ. ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಗಳು, ಅವಕ್ಕೆ ಮತ್ತೆ ಟಿಪ್ಪಣಿಗಳು. ಕಣ್ಣು ಸೋತಿತು. ಓದಲಿಲ್ಲ.

ರೆಕಾರ್ಡುಗಳ ಮುಂದೆ ನೆಲದ ಮೇಲೆ ಕೂತು ಬೇರ್ಪಡಿಸಿದೆ. ಹಾಡುಗಾರ್ತಿಯರದು ಎಂಬತ್ತೇಳು. ಒಂದೊಂದರ ಕವರಿನ ಹಿಂದೆಯೂ ಹೆಡ್ವಾಳ ಕೈಬರಹ — ಕೊಂಡ ತಾರೀಕು, ಅಂದಿನ ಹವಾಮಾನ. "ಮಳೆ. ಜಗಳ ಆಡಿದ್ವಿ." "ಸೆಖೆ. ಕರೆಂಟ್ ಇಲ್ಲ."

ನವೆಂಬರ್ 12, ಶುಕ್ರವಾರ. ಮಧ್ಯಾಹ್ನ

ಲೈಬ್ರರಿಯವರು ಬಂದು ಆ ಎಂಬತ್ತೇಳನ್ನೂ ಆರು ಪೆಟ್ಟಿಗೆಯಲ್ಲಿ ಒಯ್ದರು. ಕಪಾಟು ಹಲ್ಲು ಉದುರಿದ ಬಾಯಿಯಂತಿದೆ.

ಡಿಸೆಂಬರ್ ಒಂಬತ್ತರ ಬಗ್ಗೆ ತಿರ್ಜಾಗೆ ಇನ್ನೂ ಹೇಳಿಲ್ಲ.

ನವೆಂಬರ್ 16, ಮಂಗಳವಾರ

ಹೇಳಿದೆ.

"ಹೆಂಗಸಿನ ದನಿ ಅಂದ್ರೆ? ನಾನು ಯಾವ ಹೆಂಗ್ಸು? ನಿನ್ನ ಮಗಳಪ್ಪ ನಾನು!"

"ಪುಸ್ತಕದಲ್ಲಿ ಹಾಗಿದೆ ತಿರ್ಜಾ."

"ಪುಸ್ತಕದಲ್ಲಿ ನನ್ನ ಹೆಸರಿದ್ಯಾ?"

"ಮೂರನೇ ಸಾಲಿನ ಟಿಕೆಟ್ ಬೇರೆ ಯಾರಿಗಾದ್ರೂ ಕೊಡು."

"ಕೊಡಲ್ಲ. ಖಾಲಿ ಇರತ್ತೆ."

ಇಟ್ಟುಬಿಟ್ಟಳು. ಎದೆಯಲ್ಲಿ ಕಲ್ಲು. ಆದರೆ ಸುಳ್ಳು ಬರೆಯಬಾರದು — ಕಲ್ಲಿನ ಕೆಳಗೆ ಒಂದು ಬೆಚ್ಚನೆಯ ಹೆಮ್ಮೆಯೂ ಇತ್ತು. ಇಷ್ಟು ದೊಡ್ಡದನ್ನು ಕೊಟ್ಟೆನಲ್ಲ ಎಂದು. ಅರವತ್ತಮೂರನೇ ವಯಸ್ಸಿಗೆ ಧರ್ಮ ಶುರು ಮಾಡಿದವನು ಹಿಂದಿನ ಬಾಕಿ ತೀರಿಸಬೇಡವೇ?

ಡಿಸೆಂಬರ್ 9, ಗುರುವಾರ. ರಾತ್ರಿ 8.40

ಹನುಕ್ಕಾ ಹಬ್ಬದ ಏಳನೇ ದಿನದ ದೀಪ ಹಚ್ಚಿ, ಅದು ಆರಿದ ಮೇಲೆ ಹೊರಟೆ. ತಿರ್ಜಾ ಹಾಡುವ ಹಾಲ್‌ನ ಎದುರಿನ ಬಸ್ ಸ್ಟಾಪಿನಲ್ಲಿ ನಿಂತೆ. ಜನ ಒಳಗೆ ಹೋಗುವುದನ್ನು ನೋಡಿದೆ. ದಾಖಲೆ ಕಚೇರಿಯ ನನ್ನ ಹಳೆಯ ಟೈಪಿಸ್ಟ್ ಕೂಡ ಹೋದಳು, ಊರುಗೋಲು ಹಿಡಿದು. ಏಳೂವರೆಗೆ ಬಾಗಿಲು ಮುಚ್ಚಿತು. ಗಾಜು ದಪ್ಪ. ಏನೂ ಕೇಳಿಸಲಿಲ್ಲ. ಕೇಳಿಸಬಾರದೆಂದೇ ರಸ್ತೆಯ ಈಚೆ ನಿಂತಿದ್ದೆ. ಆದರೂ ಕಿವಿ ಅತ್ತಲೇ.

ಮೂರು ಬಸ್ಸು ಬಿಟ್ಟೆ. ನಾಲ್ಕನೆಯದು ಹತ್ತಿದೆ.

ಡಿಸೆಂಬರ್ 14, ಮಂಗಳವಾರ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ತರಕಾರಿಗೆ ಮಸ್‌ಊದ್‌ನ ಅಂಗಡಿಗೆ ಹೋದೆ. ಸಭಾಮಂದಿರದಲ್ಲಿ ನನ್ನ ಪಕ್ಕ ಕೂರುವವನು. ಪ್ರಾರ್ಥನೆಯ ಪುಟ ತಪ್ಪಿದಾಗ ಬೆರಳಿಟ್ಟು ತೋರಿಸುವವನು.

"ಏನ್ ಪ್ರೊಫೆಸರ್ರೇ, ಮೊಖ ವಾರದ ಹಿಂದಿನ ಸೌತೆಕಾಯಿ ಆಗಿದ್ಯಲ್ಲ!"

ಹೇಳಿದೆ. ಮಗಳು, ಹಾಡು, ಹೋಗದೆ ಇದ್ದದ್ದು. ತಕ್ಕಡಿ ಕೆಳಗಿಟ್ಟ.

"ಸ್ವಂತ ಮಗಳಾ? ನೀವು ಹೆತ್ತ ಮಗಳಾ?"

"ಹೌದಯ್ಯ."

"ಅಯ್ಯೋ ನಿಮ್ಮ! ನಂಗೆ ಐದು ಜನ ಹೆಣ್ಮಕ್ಳು. ಪ್ರತಿ ಶುಕ್ರವಾರ ರಾತ್ರಿ ಸಬ್ಬತ್ ಊಟಕ್ಕೆ ಕೂತ್ರೆ ಐದೂ ಹಾಡ್ತವೆ, ಮನೆ ಛಾವಣಿ ಹಾರೋ ಹಂಗೆ. ನಮ್ಮಪ್ಪ ಕೇಳ್ತಿದ್ದ, ಅವರಪ್ಪ ಕೇಳ್ತಿದ್ದ. ಅಪ್ಪಂಗೆ ಮಗಳ ಹಾಡು ಯಾರ್ ಬೇಡ ಅಂದ್ರು? ಯಾರನ್ನ ಕೇಳಿದ್ರಿ?"

ಯಾರನ್ನೂ ಕೇಳಿರಲಿಲ್ಲ.

ಸೌತೆಕಾಯಿ ಬಿಟ್ಟು ನಮ್ಮ ಸಭಾಮಂದಿರದ ಗುರು ರಬ್ಬಿಯ ಮನೆಗೆ ಓಡಿದೆ. ಮೂವತ್ತನಾಲ್ಕರ ಹುಡುಗ, ತೊಡೆಯ ಮೇಲೆ ಮಗು. ಕೇಳಿ ಮಗುವನ್ನು ಮೆಲ್ಲನೆ ಕೆಳಗಿಳಿಸಿದರು.

"ಅಪ್ಪ ಮಗಳ ಹಾಡು ಕೇಳಬಹುದು ಅವಿಗ್ದೋರ್ ಅವರೇ. ಇದರಲ್ಲಿ ಅನುಮಾನವೇ ಇಲ್ಲ." ಮಗುವಿನ ತಲೆ ಸವರಿ — "ಹಾಲಿನ ಚಮಚ ಮಾಂಸದ ಪಾತ್ರೆಗೆ ಬಿತ್ತು, ಪಾತ್ರೆ ಮೈಲಿಗೆ ಆಯ್ತಾ ಅಂತ ಮಳೆಯಲ್ಲಿ ನೆನೆದು ಬಂದು ಕೇಳಿದ್ರಿ. ಸಬ್ಬತ್ ದಿನ ಛತ್ರಿ ಬಿಚ್ಚಬಹುದಾ ಅಂತ ಮೂರು ಸಲ ಕೇಳಿದ್ರಿ. ಇದನ್ನ ಯಾಕೆ ಕೇಳಲಿಲ್ಲ?"

ಅದಕ್ಕೆ ಉತ್ತರ ಇಲ್ಲಿ ಬರೆಯುತ್ತೇನೆ. ಜೀವನವಿಡೀ ಓದಿ ತಿಳಿದವನು ನಾನು. ಕಾಗದದಲ್ಲಿದ್ದರೆ ಸಾಕು, ಬಾಯಿ ಬಿಟ್ಟು ಕೇಳುವುದು ಓದಲು ಬಾರದವರ ಕೆಲಸ ಎಂದುಕೊಂಡವನು. ಅದು ಒಂದು. ಇನ್ನೊಂದು — ಕೇಳಿದ್ದರೆ ಅವರು "ಹೋಗಿ" ಎಂದುಬಿಡುತ್ತಿದ್ದರು. ಆಗ ನಾನು ಕೊಟ್ಟದ್ದಕ್ಕೆ ಏನು ಬೆಲೆ ಉಳಿಯುತ್ತಿತ್ತು?

ಆ ಸಣ್ಣ ಟಿಪ್ಪಣಿ ಈಗ ಭೂತಗನ್ನಡಿ ಹಿಡಿದು ಓದಿದೆ. ಇದೆ. ಐದನೇ ಸಾಲು. "ತಾಯಿ, ಮಗಳು ಇದಕ್ಕೆ ಹೊರತು."

ಡಿಸೆಂಬರ್ 15, ಬುಧವಾರ

ತಿರ್ಜಾ ಟೆಲ್ ಅವೀವ್‌ನಲ್ಲಿ ಗೆಳತಿಯ ಮನೆಯಲ್ಲಿದ್ದಾಳೆ. ಶನಿವಾರ ಬೆಳಿಗ್ಗೆ ವಿಮಾನ. ಫೋನ್ ಮಾಡಿದೆ.

"ತಿರ್ಜಾ, ತಪ್ಪಾಯ್ತು. ರಬ್ಬಿಯನ್ನ ಕೇಳ್ದೆ. ಹಾಡು ಕೇಳಬಹುದಂತೆ. ಬರಬಹುದಿತ್ತಂತೆ."



"ಬರಬಾರದು ಅಂದಿದ್ರೆ?"

"ಅಂದಿಲ್ಲವಲ್ಲ..."

"ಅಂದಿದ್ರೆ ಫೋನ್ ಮಾಡ್ತಿದ್ಯಾ ಇವತ್ತು? ತಪ್ಪಾಯ್ತು ಅಂತಿದ್ಯಾ?"

ನಿಜ ಹೇಳಿದೆ. "ಗೊತ್ತಿಲ್ಲ."

"ನಂಗೆ ಗೊತ್ತು ಅಪ್ಪ. ನೀನು ಪುಸ್ತಕಕ್ಕೆ ತಪ್ಪಾಯ್ತು ಅಂತಿದೀಯ. ನಂಗಲ್ಲ."

ಸಿಟ್ಟಿನ ದನಿಯಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 17, ಶುಕ್ರವಾರ. ಸಂಜೆ 4.19

ಬೇಗ ಬರೆಯಬೇಕು.

ಮೂರು ಗಂಟೆಗೆ ಕೆಳಗಿನ ಅಂಚೆ ಡಬ್ಬಿಯಲ್ಲಿ ಒಂದು ಕ್ಯಾಸೆಟ್. ಅಂಚೆಚೀಟಿ ಇಲ್ಲ, ಕಾಗದವೂ ಇಲ್ಲ. ಡಿಸೆಂಬರ್ 9 ಎಂಬ ತಾರೀಕು ಮಾತ್ರ, ತಿರ್ಜಾಳ ಅಕ್ಷರ. ಅವಳೇ ಬಂದಿದ್ದಾಳೆ. ಮೇಲೆ ಹತ್ತಿಲ್ಲ.

ಹಾಕಿದೆ. ಎರಡೂ ಕಡೆ ಕೇಳಿದೆ. ಹೇಗೆ ಹಾಡುತ್ತಾಳೆ! ಏರುವಾಗ ಕೂಗುವುದಿಲ್ಲ, ಇಳಿಯುವಾಗ ಬೀಳುವುದಿಲ್ಲ. ನನ್ನ ಎಂಬತ್ತೇಳು ರೆಕಾರ್ಡುಗಳಲ್ಲಿ ಇಂಥದ್ದು ನಾಲ್ಕೋ ಐದೋ ಇದ್ದವು. ಇಷ್ಟು ಕಲಿತದ್ದು ಯಾವಾಗ? ನಾನು ಎಲ್ಲಿದ್ದೆ?

ಕೊನೆಗೆ ಚಪ್ಪಾಳೆ. ಚಪ್ಪಾಳೆ ನಿಂತ ಮೇಲೆ ಅವಳ ಮಾತು:

"ಇನ್ನೊಂದಿತ್ತು. ಅಮ್ಮ ಪಾತ್ರೆ ತೊಳೀತಾ ಗುನುಗ್ತಿದ್ದಿದ್ದು. ಎಲ್ಲೂ ಬರೆದಿಟ್ಟಿಲ್ಲ. ಎರಡನೇ ಸಾಲು ನಂಗೆ ಸರಿಯಾಗಿ ನೆನಪಿಲ್ಲ. ನೆನಪಿರೋದು ಒಬ್ಬರಿಗೇ, ಅವರು ಬಂದಿಲ್ಲ. ಇಲ್ಲಿಗೆ ಮುಗಿಸ್ತೀನಿ."

ಕುರ್ಚಿಗಳ ಸದ್ದು. ಯಾರದೋ ಕೆಮ್ಮು. ಟೇಪ್ ನಿಂತಿತು.

ನನಗೆ ನೆನಪಿದೆ. ಪ್ರತಿ ಸ್ವರವೂ ನೆನಪಿದೆ. ಬಟ್ಟಲು ಕೆಳಗಿಡುವಾಗ ಹೆಡ್ವಾ ತೆಗೆದುಕೊಳ್ಳುತ್ತಿದ್ದ ಉಸಿರು ಕೂಡ.

ಸಬ್ಬತ್ ಬಂತೆನ್ನುವ ಸೈರನ್ ಆಗಲೇ ಕೂಗಿಯಾಯಿತು. ಸೂರ್ಯ ಮುಳುಗುವುದು 4.37ಕ್ಕೆ. ಆಮೇಲೆ ನಾಳೆ ಕತ್ತಲಾಗುವವರೆಗೆ ಪೆನ್ನು ಮುಟ್ಟುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಅಷ್ಟು ಹೊತ್ತಿಗೆ ತಿರ್ಜಾ ಕಲೋನ್ ತಲುಪಿರುತ್ತಾಳೆ. ಅಲ್ಲಿ ನನ್ನ ಫೋನ್ ಎತ್ತುತ್ತಾಳೋ ಇಲ್ಲವೋ.

4.26. ನಂಬರ್ ಮುಂದೆಯೇ ಇದೆ. ಫೋನಿನಲ್ಲಿ ಎರಡನೇ ಸಾಲು ಹಾಡಬಹುದು. ನನ್ನ ಗಂಟಲಿನಲ್ಲಿ. ಆದರೆ ಅವಳು ಎತ್ತುವಷ್ಟರಲ್ಲಿ ಹೊತ್ತು ಮುಳುಗಿದರೆ? ಹಾಡಿನ ನಡುವೆ ಮುಳುಗಿದರೆ? ಇಟ್ಟುಬಿಡಬೇಕೆ? ರಬ್ಬಿಯ ಮನೆ ನಾಲ್ಕು ನಿಮಿಷದ ದಾರಿ, ಹೋಗಿ ಬರಲು ಎಂಟು, ಕೇಳಿಯೇ ಬರಲೇ, ಇಲ್ಲ ಮೊದಲು —